ಬೇಡವಾದ ಸಾಫ್ಟ್‌ವೇರ್ ತೆಗೆಯಬೇಕು, ಮಾವನವರ ತತ್ವಪದಗಳಿಗೆ ಏನೂ ಆಗಬಾರದು

ಕೊಪ್ಪಳದ ಟೀಚರ್
ಶುಕ್ರವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ವಿಂಡೋಸ್ 10, 4 ಜಿಬಿ ರ‍್ಯಾಮ್. ಒಂದೇ ಕಂಪ್ಯೂಟರಿನಲ್ಲಿ ಮೂವರ ಕೆಲಸ. ನಮ್ಮ ಯಜಮಾನರು ಅವರ ಅಣ್ಣನ ಬೀಜ-ಗೊಬ್ಬರದ ಅಂಗಡಿ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತಾರೆ. ಮಗಳು ಪಿಯುಸಿ, ನೋಟ್ಸ್ ಇಳಿಸಿಕೊಳ್ಳುತ್ತಾಳೆ. ಮಾವನವರು ಊರಿನ ಭಜನೆಯಲ್ಲಿ ಹಾಡುವ ತತ್ವಪದಗಳನ್ನು 2009ರಿಂದ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಇಟ್ಟಿದ್ದಾರೆ. 400ಕ್ಕೂ ಹೆಚ್ಚು ಪದಗಳಿವೆ. ಅವನ್ನು ಹಾಡಿ ಬರೆಸಿದ ಹಿರಿಯರಲ್ಲಿ ಎಷ್ಟೋ ಜನ ಈಗ ಇಲ್ಲ.

ಎರಡು ತಿಂಗಳಿಂದ ಕಂಪ್ಯೂಟರ್ ಏಳುವುದಕ್ಕೇ ಐದು ನಿಮಿಷ ಬೇಕು. ಬಲಗಡೆ ಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ" ಅಂತ ಪದೇ ಪದೇ ಬರುತ್ತದೆ. ಮಗಳು ಪಿಡಿಎಫ್ ಪರಿವರ್ತಿಸುವ ಯಾವುದೋ ಸಾಫ್ಟ್‌ವೇರ್ ಹಾಕಿಕೊಂಡ ಮೇಲೆ ಇದು ಶುರುವಾಯಿತು. ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್‌ಗಳ ಪಟ್ಟಿ ತೆಗೆದು ನೋಡಿದರೆ 71 ಹೆಸರು! ಅರ್ಧಕ್ಕರ್ಧ ಯಾವುವು ಅಂತಲೇ ಗೊತ್ತಿಲ್ಲ.

ಅಂಗಡಿಯೊಂದರಲ್ಲಿ ಕೇಳಿದೆ. ಪೂರ್ತಿ ನೋಡದೆಯೇ "ಫಾರ್ಮ್ಯಾಟ್ ಮಾಡಿಬಿಡೋಣ ಮೇಡಂ" ಅಂದರು. ತತ್ವಪದಗಳ ಗತಿ ಏನು ಅಂದರೆ "ಫೈಲ್ ಕಾಪಿ ಮಾಡ್ಕೊಂಡ್ರೆ ಸಾಕು" ಅಂದರು. ನನಗೆ ಧೈರ್ಯ ಸಾಲಲಿಲ್ಲ. ನಾವೇ ಮನೆಯಲ್ಲಿ ಬೇಡವಾದ್ದನ್ನು ತೆಗೆಯಬಹುದಾ? ಎಲ್ಲಿಂದ ಶುರು ಮಾಡಬೇಕು?

ರಾಯಚೂರು ರಿಪೇರಿ
ಶುಕ್ರವಾರ ರಾತ್ರಿ 10:05

ಅಕ್ಕಾ, ಮಾಡಬಹುದು. ಫಾರ್ಮ್ಯಾಟ್ ಬೇಡ. ನಾನು ತೀನ್ ಕಂದಿಲ್ ಹತ್ತಿರ ಹದಿನಾರು ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ. ಮನೆ ಕಂಪ್ಯೂಟರ್ ಕೈಗೆ ಬಂದಾಗ ನಾನು ಮೊದಲು ಕೇಳುವುದು ಒಂದೇ: ಇದರಲ್ಲಿ ಯಾರ್ಯಾರ ಕೆಲಸ ಇದೆ? ನೀವು ಕೇಳುವ ಮುಂಚೆಯೇ ಅದನ್ನು ಬರೆದಿದ್ದೀರಿ, ಅರ್ಧ ಕೆಲಸ ಹಗುರಾಯಿತು.

ಇವತ್ತು ಏನನ್ನೂ ತೆಗೆಯಬೇಡಿ. ಇವತ್ತು ಉಳಿಸಿಕೊಳ್ಳುವ ಕೆಲಸ ಮಾತ್ರ.

ಮಾವನವರ ಫೈಲುಗಳನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ. ಒಂದು ಮನೆಯಲ್ಲಿರಲಿ, ಇನ್ನೊಂದು ಬೇರೆ ಕಡೆ. ಆದರೆ ಫೈಲ್ ಕಾಪಿ ಮಾಡಿದರೆ ಸಾಕು ಅನ್ನುವ ಮಾತು ನುಡಿಯ ಹಳೆಯ ಫೈಲುಗಳಿಗೆ ಸಾಲುವುದಿಲ್ಲ. ಆಗಿನ ನುಡಿ ಯೂನಿಕೋಡ್ (ಎಲ್ಲ ಕಂಪ್ಯೂಟರ್, ಮೊಬೈಲಿನಲ್ಲೂ ಒಂದು ಅಕ್ಷರಕ್ಕೆ ಒಂದೇ ಸಂಕೇತ ಇರುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ಚಿತ್ರ ಕೂರಿಸಿದ ಫಾಂಟ್ ಅದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬು, ಚಿಹ್ನೆ ಕಾಣುತ್ತವೆ. ಫೈಲ್ ಕೆಟ್ಟಿತು ಅಂದುಕೊಂಡು ಜನ ಅಳಿಸಿಬಿಡುತ್ತಾರೆ. ಕೆಟ್ಟಿರುವುದಿಲ್ಲ, ಫಾಂಟ್ ಇರುವುದಿಲ್ಲ ಅಷ್ಟೇ.

ಅದಕ್ಕೆ ಸಿ ಡ್ರೈವ್, ವಿಂಡೋಸ್, ಫಾಂಟ್ಸ್ ಫೋಲ್ಡರ್‌ಗೆ ಹೋಗಿ. ನುಡಿ ಅಂತ ಶುರುವಾಗುವ ಎಲ್ಲ ಫಾಂಟ್‌ಗಳನ್ನೂ ಅದೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಇನ್ನೊಂದು ಕೆಲಸ, ಸ್ವಲ್ಪ ಹೊತ್ತು ಹಿಡಿಯುತ್ತದೆ. ಒಂದೊಂದು ಫೈಲನ್ನೂ ತೆರೆದು ಪಿಡಿಎಫ್ ಆಗಿ ಸೇವ್ ಮಾಡಿ. ಪಿಡಿಎಫ್ ಒಳಗೆ ಫಾಂಟ್ ಸೇರಿಕೊಳ್ಳುತ್ತದೆ. ಮುಂದೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪದ ಓದಲು ಬರುತ್ತದೆ.

ಆಮೇಲೆ ಸ್ಟಾರ್ಟ್‌ನಲ್ಲಿ "ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್" ಅಂತ ಹುಡುಕಿ. ಸಿ ಡ್ರೈವ್ ಎದುರು ಪ್ರೊಟೆಕ್ಷನ್ ಆಫ್ ಅಂತ ಇದ್ದರೆ ಕಾನ್ಫಿಗರ್ ಒತ್ತಿ ಆನ್ ಮಾಡಿ. ನಂತರ ಕ್ರಿಯೇಟ್ ಒತ್ತಿ, "ತೆಗೆಯುವ ಮುಂಚೆ" ಅಂತ ಏನಾದರೂ ಹೆಸರು ಕೊಡಿ. ನಾಳೆ ಏನಾದರೂ ಎಡವಟ್ಟಾದರೆ ವಿಂಡೋಸ್ ಅನ್ನು ಈ ಹಂತಕ್ಕೆ ವಾಪಸ್ ತರಬಹುದು. ಇದು ವಿಂಡೋಸ್‌ನ ಸೆಟ್ಟಿಂಗ್ ಮತ್ತು ಪ್ರೋಗ್ರಾಂಗಳನ್ನು ಮಾತ್ರ ಕಾಯುತ್ತದೆ, ನಿಮ್ಮ ಫೈಲುಗಳನ್ನಲ್ಲ. ಹಾಗಾಗಿ ಪೆನ್‌ಡ್ರೈವ್ ಬೇಕೇ ಬೇಕು.

ಗಂಗಾವತಿ ಗದ್ದೆ
ಶುಕ್ರವಾರ ರಾತ್ರಿ 10:40

ಟೀಚರ್, ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಹೋದ ವರ್ಷ ನನ್ನ ಲ್ಯಾಪ್‌ಟಾಪಿನಲ್ಲಿ ಅವಧಿ ಮುಗಿದ ಆ್ಯಂಟಿವೈರಸ್ ಇತ್ತು. ದಿನಾ ದುಡ್ಡು ಕಟ್ಟಿ ಅಂತ ಕಾಡುತ್ತಿತ್ತು. ಬೇಸರವಾಗಿ ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗೆ ಹೋಗಿ ಅದರ ಫೋಲ್ಡರನ್ನೇ ಡಿಲೀಟ್ ಮಾಡಿದೆ. ಕೆಲವು ಫೈಲ್ ಹೋದವು, ಕೆಲವು "ಬಳಕೆಯಲ್ಲಿದೆ" ಅಂತ ಉಳಿದವು. ರೀಸ್ಟಾರ್ಟ್ ಮಾಡಿದ ಮೇಲೆ ಇಂಟರ್ನೆಟ್ಟೇ ಇಲ್ಲ. ವೈಫೈ ಸಿಗ್ನಲ್ ಪೂರ್ತಿ ಇದೆ, ಒಂದು ಪುಟವೂ ತೆರೆಯುವುದಿಲ್ಲ. ಭತ್ತ ಕಟಾವಿನ ಸಮಯ, ಗಿರಣಿಯವರ ಮೇಲ್ ನೋಡಬೇಕಿತ್ತು. ಮೂರು ದಿನ ಒದ್ದಾಡಿದೆ.

ರಾಯಚೂರು ರಿಪೇರಿ
ಶುಕ್ರವಾರ ರಾತ್ರಿ 11:00

ಹೌದಣ್ಣಾ, ಆ್ಯಂಟಿವೈರಸ್ ಇಂಟರ್ನೆಟ್ ದಾರಿಯಲ್ಲಿ ತನ್ನದೊಂದು ಜರಡಿ ಇಟ್ಟಿರುತ್ತದೆ. ಜರಡಿ ಉಳಿದು ಅದನ್ನು ನಡೆಸುವ ಪ್ರೋಗ್ರಾಂ ಹೋದರೆ ದಾರಿಯೇ ಬಂದ್.

ಯಾವ ಸಾಫ್ಟ್‌ವೇರ್ ಆದರೂ ಒಂದೇ ಫೋಲ್ಡರಿನಲ್ಲಿ ಕೂತಿರುವುದಿಲ್ಲ. ಪ್ರೋಗ್ರಾಂ ಫೈಲ್ಸ್‌ನಲ್ಲಿ ಸ್ವಲ್ಪ, ಪ್ರೋಗ್ರಾಂ ಡೇಟಾದಲ್ಲಿ ಸ್ವಲ್ಪ, ಆ್ಯಪ್ ಡೇಟಾದಲ್ಲಿ ಸ್ವಲ್ಪ. ವಿಂಡೋಸ್‌ನ ದಾಖಲೆ ಪುಸ್ತಕದಂತಿರುವ ರಿಜಿಸ್ಟ್ರಿಯಲ್ಲಿ ತನ್ನ ಹೆಸರು ಬರೆಸಿರುತ್ತದೆ. ಸರ್ವೀಸ್ ಆಗಿ ಹಿಂದುಗಡೆ ಓಡುತ್ತಿರುತ್ತದೆ. ಎರೆ ಹೊಲದ ಕರಿಕೆ ಇದ್ದ ಹಾಗೆ, ಮೇಲಿನ ಹುಲ್ಲು ಕಿತ್ತರೆ ಬೇರು ಒಳಗೇ ಇರುತ್ತದೆ. ಎಲ್ಲೆಲ್ಲಿ ಏನಿಟ್ಟಿದೆ ಅನ್ನುವುದು ಅದರ ಸ್ವಂತ ಅನ್‌ಇನ್‌ಸ್ಟಾಲರ್‌ಗೆ ಗೊತ್ತಿರುತ್ತದೆ. ಅದಕ್ಕೇ ಮೊದಲು ಅದರ ಕೈಯಿಂದಲೇ ತೆಗೆಸಬೇಕು. ಡೆಸ್ಕ್‌ಟಾಪ್ ಮೇಲಿನ ಐಕಾನ್ ಅಳಿಸಿದರೆ ಐಕಾನ್ ಮಾತ್ರ ಹೋಗುತ್ತದೆ, ಸಾಫ್ಟ್‌ವೇರ್ ಅಲ್ಲೇ ಇರುತ್ತದೆ.

ಕೊಪ್ಪಳದ ಟೀಚರ್
ಶನಿವಾರ ಸಂಜೆ 6:30

ಅಣ್ಣಾ, ಫಾಂಟ್, ಫೈಲ್ ಎಲ್ಲ ಕಾಪಿ ಆಯಿತು. ಪಿಡಿಎಫ್ ಮಾಡಲು ಮಗಳೇ ಕೂತಿದ್ದಾಳೆ. ತನ್ನಿಂದ ಹೀಗಾಯಿತು ಅಂತ ಬೇಜಾರು ಮಾಡಿಕೊಂಡಿದ್ದಾಳೆ. ಮಾವನವರು ಪಕ್ಕದಲ್ಲಿ ಕೂತು ಪ್ರತಿ ಪದವನ್ನೂ ಸಣ್ಣಗೆ ಹಾಡುತ್ತಾ ನೋಡುತ್ತಿದ್ದಾರೆ. ರಿಸ್ಟೋರ್ ಪಾಯಿಂಟ್ ಕೂಡ ಆಯಿತು. ನೀವು ಹೇಳಿದ ಹಾಗೆ ಆಫ್ ಆಗಿಯೇ ಇತ್ತು.

ಪಟ್ಟಿಯಲ್ಲಿ ಅನುಮಾನ ಇರುವುವು ಇವು. ಮೈಕ್ರೋಸಾಫ್ಟ್ ವಿಷುವಲ್ ಸಿ ಪ್ಲಸ್ ಪ್ಲಸ್ ಅಂತ ಒಂಬತ್ತು ಇವೆ, ಒಂದು ಸಾಕಲ್ವಾ? ರಿಯಲ್‌ಟೆಕ್ ಅಂತ ಒಂದು. ಇಂಟೆಲ್ ಹೆಸರಿನವು ಮೂರು. ಡ್ರೈವರ್ ಅಪ್‌ಡೇಟ್ ಮಾಡುತ್ತೇನೆ ಅನ್ನುವುದು ಒಂದು. ಪಿಸಿ ಸ್ಪೀಡ್ ಜಾಸ್ತಿ ಮಾಡುತ್ತೇನೆ ಅನ್ನುವುವು ಎರಡು. ಆ್ಯಂಟಿವೈರಸ್ ಎರಡು. ಹುಡುಕುವ ಟೂಲ್‌ಬಾರ್ ಒಂದು. ಆ ಪಿಡಿಎಫ್‌ನದು. ಕೂಪನ್ ತೋರಿಸುವುದು ಒಂದು. ಎನಿಡೆಸ್ಕ್. ಆಟಗಳು ಐದಾರು.

ರಾಯಚೂರು ರಿಪೇರಿ
ಶನಿವಾರ ಸಂಜೆ 7:15

ವಿಷುವಲ್ ಸಿ ಪ್ಲಸ್ ಪ್ಲಸ್ ಒಂಬತ್ತನ್ನೂ ಬಿಡಿ. ನೋಡಲು ಒಂದೇ ಥರ ಇದ್ದರೂ ಒಂದೊಂದು ಒಂದೊಂದು ವರ್ಷದ ಆವೃತ್ತಿ. 32 ಬಿಟ್‌ಗೆ ಬೇರೆ, 64 ಬಿಟ್‌ಗೆ ಬೇರೆ. ಬೇರೆ ಬೇರೆ ಸಾಫ್ಟ್‌ವೇರ್‌ಗಳು ಅವುಗಳ ಮೇಲೆ ನಿಂತಿವೆ. 2010ರದ್ದನ್ನು ತೆಗೆದರೆ ಯಾವುದೋ ಒಂದು ಪ್ರೋಗ್ರಾಂ ಮುಂದಿನ ವಾರ ತೆರೆಯದೆ ನಿಲ್ಲುತ್ತದೆ, ಯಾಕೆ ಅಂತ ನಿಮಗೆ ತಿಳಿಯುವುದೂ ಇಲ್ಲ. ಡಾಟ್‌ನೆಟ್ ಅಂತ ಇದ್ದರೂ ಹಾಗೇ. ರಿಯಲ್‌ಟೆಕ್ ಬಹುತೇಕ ಧ್ವನಿಯ ಡ್ರೈವರ್, ಅಂದರೆ ಆ ಭಾಗವನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್. ಇಂಟೆಲ್‌ನವು ಪರದೆ, ಚಿಪ್‌ಸೆಟ್‌ಗೆ ಸೇರಿದವು. ಮುಟ್ಟಬೇಡಿ.

ಟೂಲ್‌ಬಾರ್, ಕೂಪನ್, ಪಿಡಿಎಫ್, ಡ್ರೈವರ್ ಅಪ್‌ಡೇಟರ್, ಆ ಎರಡು ಸ್ಪೀಡ್‌ನವು ಹೋಗಲಿ. ಆಟ ಮಗಳನ್ನು ಕೇಳಿ. ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್‌ಗೆ ಹೋದರೆ "ಇನ್‌ಸ್ಟಾಲ್ಡ್ ಆನ್" ಅಂತ ಒಂದು ಕಾಲಂ ಇರುತ್ತದೆ. ಅದರ ಮೇಲೆ ಒತ್ತಿದರೆ ದಿನಾಂಕದ ಪ್ರಕಾರ ಸಾಲಾಗಿ ಬರುತ್ತವೆ. ಪಿಡಿಎಫ್ ಹಾಕಿದ ದಿನವೇ ಇನ್ನು ಯಾವುವು ಬಂದಿವೆ ನೋಡಿ. ಕಂಪ್ಯೂಟರಿಗೆ ಕೇಡು ಒಂಟಿಯಾಗಿ ಬರುವುದು ಕಡಿಮೆ, ಜೊತೆಗೆ ನಾಲ್ಕನ್ನು ಕರೆದುಕೊಂಡು ಬರುತ್ತದೆ.

ಎನಿಡೆಸ್ಕ್ ಯಾರು ಹಾಕಿದ್ದು? ಅದು ಒಳ್ಳೆಯ ಸಾಫ್ಟ್‌ವೇರೇ. ಆದರೆ ದೂರದಿಂದ ಇನ್ನೊಬ್ಬರು ನಿಮ್ಮ ಕಂಪ್ಯೂಟರನ್ನು ನಡೆಸುವುದಕ್ಕೆ ಇರುವಂಥದ್ದು. ಯಾಕೆ ಇದೆ ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ ಇರಬಾರದು.

ಬಳ್ಳಾರಿ ಲೆಕ್ಕ
ಶನಿವಾರ ಸಂಜೆ 7:50

ಟ್ಯಾಲಿ ಬಗ್ಗೆ ನಾನು ಹೇಳುತ್ತೇನೆ. ಜೀನ್ಸ್ ಘಟಕಗಳ ಲೆಕ್ಕ ನೋಡುವುದು ನನ್ನ ಕೆಲಸ. ಯಜಮಾನರಿಗೆ ಹೇಳಿ, ಟ್ಯಾಲಿಪ್ರೈಮ್ ಆದರೆ ಆಲ್ಟ್ ಮತ್ತು ವೈ ಒತ್ತಿ ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಲಿ. ಡೇಟಾ ಯಾವ ಫೋಲ್ಡರಿನಲ್ಲಿದೆ ಅಂತ ಒಂದು ಚೀಟಿಯಲ್ಲಿ ಬರೆದಿಡಲಿ. ಟ್ಯಾಲಿಯನ್ನು ಬೇರೆ ಕಂಪ್ಯೂಟರಿಗೆ ಒಯ್ಯುವುದಿದ್ದರೆ ತೆಗೆಯುವ ಮುಂಚೆ ಲೈಸೆನ್ಸ್ ಸರೆಂಡರ್ ಮಾಡಬೇಕು. ನೀವು ಒಯ್ಯುತ್ತಿಲ್ಲ, ಹಾಗಾಗಿ ಅದನ್ನು ಮುಟ್ಟುವುದೇ ಬೇಡ.

ಜಿಎಸ್‌ಟಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುತ್ತಾರಾ? ಪೆನ್‌ಡ್ರೈವ್ ಥರ ಇರುತ್ತದಲ್ಲ, ಅದಕ್ಕೂ ಒಂದು ಡ್ರೈವರ್ ಪಟ್ಟಿಯಲ್ಲಿ ಇರುತ್ತದೆ. ಹೆಸರು ನೋಡಿದರೆ ಏನಂತಲೇ ತಿಳಿಯುವುದಿಲ್ಲ. ಬೇಡದ್ದು ಅಂದುಕೊಂಡು ತೆಗೆದವರು ಕೊನೆಯ ದಿನ ರಿಟರ್ನ್ ಹಾಕಲು ಬಂದು ನನ್ನ ಮುಂದೆ ಕಣ್ಣೀರು ಹಾಕಿದ್ದನ್ನು ಕಂಡಿದ್ದೇನೆ.

ಕುಷ್ಟಗಿ ಸೇವಾ ಕೇಂದ್ರ
ಶನಿವಾರ ರಾತ್ರಿ 8:10

ಇದೇ ಮಾತು ಬೆರಳಚ್ಚಿನ ಯಂತ್ರಕ್ಕೂ. ಆಧಾರ್ ದೃಢೀಕರಣಕ್ಕೆ ಬಳಸುವ ಯಂತ್ರಕ್ಕೆ ಆರ್‌ಡಿ ಸರ್ವೀಸ್ ಅಂತ ಒಂದು ಇರುತ್ತದೆ. ಅದು ಹೋದರೆ ಯಂತ್ರ ಹಚ್ಚಿದರೂ ಬೆರಳು ತಗೊಳ್ಳುವುದಿಲ್ಲ. ನಮ್ಮ ಹುಡುಗ ಒಮ್ಮೆ ತೆಗೆದುಬಿಟ್ಟಿದ್ದ. ಬಿಸಿಲಲ್ಲಿ ಹಳ್ಳಿಯಿಂದ ಬಂದ ವಯಸ್ಸಾದವರನ್ನು ಅವತ್ತು ವಾಪಸ್ ಕಳಿಸಬೇಕಾಯಿತು. ಈಗಲೂ ನೆನಪಾದರೆ ಸಂಕಟ ಆಗುತ್ತದೆ.

ಹೊಸಪೇಟೆ ರಸ್ತೆ
ಶನಿವಾರ ರಾತ್ರಿ 8:45

ಇಷ್ಟೆಲ್ಲ ಯಾಕೆ? ಒಂದು ಫ್ರೀ ಕ್ಲೀನರ್ ಹಾಕಿ. ಒಂದೇ ಕ್ಲಿಕ್ಕಿಗೆ ಜಂಕ್, ರಿಜಿಸ್ಟ್ರಿ ಎಲ್ಲ ಸ್ವಚ್ಛ. ನಾನು ಎಷ್ಟೋ ವರ್ಷದಿಂದ ಬಳಸುತ್ತಿದ್ದೇನೆ, ಏನೂ ಆಗಿಲ್ಲ.

ರಾಯಚೂರು ರಿಪೇರಿ
ಶನಿವಾರ ರಾತ್ರಿ 9:05

ಸರ್, ನಿಮಗೆ ಏನೂ ಆಗಿಲ್ಲ ಅನ್ನುವುದು ಸಂತೋಷ. ಆದರೆ ಅಕ್ಕನ ಮನೆಯಲ್ಲಿ ಅಂಥವು ಈಗಾಗಲೇ ಎರಡು ಇವೆ, ಮೂರನೆಯದು ಬೇಡ. ರಿಜಿಸ್ಟ್ರಿ ಕ್ಲೀನರ್ ಬಳಕೆಯನ್ನು ಬೆಂಬಲಿಸುವುದಿಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ರಿಜಿಸ್ಟ್ರಿಯಲ್ಲಿ ಸಾವಿರ ಹಳೆಯ ಸಾಲು ಉಳಿದರೂ ಕಂಪ್ಯೂಟರ್ ನಿಧಾನ ಆಗುವುದಿಲ್ಲ. ಬೇಕಾದ ಒಂದು ಸಾಲು ಹೋದರೆ ಮಾತ್ರ ಏಳದೇ ಹೋಗಬಹುದು. ಸಿಗುವ ಲಾಭ ಇಲ್ಲವೇ ಇಲ್ಲ ಅನ್ನುವಷ್ಟು, ನಷ್ಟ ದೊಡ್ಡದು.

2017ರಲ್ಲಿ ಹೆಸರುವಾಸಿ ಕ್ಲೀನರ್ ಆದ ಸಿಕ್ಲೀನರ್‌ಗೆ ಏನಾಯಿತು ನೆನಪು ಮಾಡಿಕೊಳ್ಳಿ. ಕಳ್ಳರು ಕಂಪನಿಯ ಒಳಗೇ ನುಗ್ಗಿ 5.33 ಆವೃತ್ತಿಯೊಳಗೆ ತಮ್ಮ ಕೋಡ್ ಸೇರಿಸಿದ್ದರು. ಜನ ಇಳಿಸಿಕೊಂಡಿದ್ದು ಅಧಿಕೃತ ಡೌನ್‌ಲೋಡನ್ನೇ. ಸುಮಾರು 22.7 ಲಕ್ಷ ಕಂಪ್ಯೂಟರಿಗೆ ಅದು ಹೋಗಿತ್ತು. ಕಂಪನಿ ಆಮೇಲೆ ಸರಿಪಡಿಸಿತು, ನಿಜ. ಆದರೂ ಇಡೀ ಕಂಪ್ಯೂಟರಿನ ಕೀಲಿಕೈ ಕೇಳುವ ಸಾಫ್ಟ್‌ವೇರ್ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು.

ಹೊಸಪೇಟೆ ರಸ್ತೆ
ಶನಿವಾರ ರಾತ್ರಿ 9:30

ಹಾಗಾದರೆ ರೆವೊ ಅನ್‌ಇನ್‌ಸ್ಟಾಲರ್ ಕೂಡ ಬೇಡವಾ? ಅದನ್ನು ತುಂಬಾ ಜನ ಹೇಳುತ್ತಾರೆ.

ರಾಯಚೂರು ರಿಪೇರಿ
ಶನಿವಾರ ರಾತ್ರಿ 9:40

ಅದು ಬೇರೆ ಜಾತಿ ಸರ್. ಅದು ಮೊದಲು ಸಾಫ್ಟ್‌ವೇರ್‌ನ ಸ್ವಂತ ಅನ್‌ಇನ್‌ಸ್ಟಾಲರನ್ನೇ ಓಡಿಸುತ್ತದೆ. ಆಮೇಲೆ ಆ ಒಂದು ಸಾಫ್ಟ್‌ವೇರ್ ಬಿಟ್ಟುಹೋದ ಕಸವನ್ನು ಹುಡುಕುತ್ತದೆ. ನಾನೂ ಬಳಸುತ್ತೇನೆ, ಮೊಂಡು ಸಾಫ್ಟ್‌ವೇರಿಗೆ ಮಾತ್ರ. ಮಾಡರೇಟ್ ಅನ್ನುವ ಹಂತ ಸಾಕು. ರಿಜಿಸ್ಟ್ರಿ ಪಟ್ಟಿ ಬಂದಾಗ ದಪ್ಪ ಅಕ್ಷರದಲ್ಲಿ ಇರುವುವನ್ನೇ ಗುರುತು ಮಾಡಬೇಕು, ಅದನ್ನೂ ಒಮ್ಮೆ ಓದಿ. ವಿಂಡೋಸ್‌ನ ಸ್ವಂತ ದಾರಿಯಲ್ಲಿ ಹೋಗುವುದಕ್ಕೆ ಇದೂ ಬೇಕಿಲ್ಲ.

ಹಟ್ಟಿ ಹುಡುಗ
ಶನಿವಾರ ರಾತ್ರಿ 10:15

ಟೀಚರ್, ಒಂದು ವಿಷಯ. ಮೂಲೆಯಲ್ಲಿ ಬರುವ "5 ವೈರಸ್" ಸಾಫ್ಟ್‌ವೇರಿನಿಂದ ಬರುತ್ತಿರಲಿಕ್ಕಿಲ್ಲ. ಅದರೊಳಗೆ ಸಣ್ಣದಾಗಿ ಕ್ರೋಮ್ ಅಂತ ಬರೆದಿದೆಯಾ ನೋಡಿ. ಇದ್ದರೆ ಅದು ಬ್ರೌಸರಿನ ನೋಟಿಫಿಕೇಷನ್. ಯಾವುದೋ ಸೈಟಿನಲ್ಲಿ "ಮುಂದೆ ಹೋಗಲು ಅಲೋ ಒತ್ತಿ" ಅಂದಾಗ ಒತ್ತಿರುತ್ತೇವೆ. ಕ್ರೋಮ್ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್. ಅಲ್ಲಿ ಅನುಮತಿ ಇರುವ ಸೈಟುಗಳನ್ನು ತೆಗೆದುಹಾಕಿ. ಹಾಗೇ ಎಕ್ಸ್‌ಟೆನ್ಷನ್ಸ್ (ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್‌ಗಳು) ಪುಟವನ್ನೂ ನೋಡಿ. ಕೂಪನ್‌ನದು ಅಲ್ಲೂ ಕೂತಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದರೂ ಅಲ್ಲಿಂದ ಹೋಗದೆ ಇರಬಹುದು.

ಕೊಪ್ಪಳದ ಟೀಚರ್
ಶನಿವಾರ ರಾತ್ರಿ 10:35

ತಮ್ಮಾ, ಕ್ರೋಮ್ ಅಂತಲೇ ಇದೆ! ಅನುಮತಿ ಪಟ್ಟಿಯಲ್ಲಿ ಹನ್ನೊಂದು ಸೈಟು ಇದ್ದವು. ಎಲ್ಲ ತೆಗೆದೆ. ಆಗಿನಿಂದ ಒಂದೂ ಬಂದಿಲ್ಲ. ಎರಡು ತಿಂಗಳ ಕಾಟ ಎರಡು ನಿಮಿಷದಲ್ಲಿ ಹೋಯಿತು, ನಿನಗೆ ಒಳ್ಳೆಯದಾಗಲಿ.

ಸಿರುಗುಪ್ಪದ ದೊಡ್ಡಪ್ಪ
ಭಾನುವಾರ ಬೆಳಿಗ್ಗೆ 7:10

ಎನಿಡೆಸ್ಕ್ ಮಾತು ಓದಿ ಎದೆ ಧಸಕ್ ಅಂತು. ಮೊನ್ನೆ ಗುರುವಾರ ಬ್ಯಾಂಕಿನಿಂದ ಅಂತ ಒಬ್ಬರು ಫೋನ್ ಮಾಡಿದ್ದರು. ಕೆವೈಸಿ ಸರಿ ಮಾಡುತ್ತೇವೆ ಅಂತ ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನೇ ಹಾಕಿಸಿದರು. ಅದರಲ್ಲಿ ಕಂಡ ಒಂಬತ್ತು ಅಂಕಿ ಓದಿ ಹೇಳಿದೆ. ಈಗ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕಾ?

ರಾಯಚೂರು ರಿಪೇರಿ
ಭಾನುವಾರ ಬೆಳಿಗ್ಗೆ 7:18

ದೊಡ್ಡಪ್ಪಾ, ಸಾಲದು. ಉಳಿದದ್ದು ಆಮೇಲೆ, ಈಗಲೇ ಲ್ಯಾಪ್‌ಟಾಪಿನ ವೈಫೈ ಬಂದ್ ಮಾಡಿ. ಮೊಬೈಲಿನಿಂದ ಬ್ಯಾಂಕಿಗೆ ಫೋನ್ ಮಾಡಿ. ನಂಬರ್ ಪಾಸ್‌ಬುಕ್ ಮೇಲಿನದ್ದು ಅಥವಾ ಕಾರ್ಡ್ ಹಿಂದಿನದ್ದು, ಅವರು ಫೋನ್ ಮಾಡಿದ್ದ ನಂಬರ್ ಅಲ್ಲ. ನೆಟ್ ಬ್ಯಾಂಕಿಂಗ್, ಕಾರ್ಡ್ ತಡೆಹಿಡಿಸಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಪಾಸ್‌ವರ್ಡ್‌ಗಳನ್ನು ಆ ಲ್ಯಾಪ್‌ಟಾಪಿನಲ್ಲಿ ಬದಲಿಸಬೇಡಿ, ಮಗನ ಮೊಬೈಲಿನಲ್ಲಿ ಬದಲಿಸಿ. ಸಾಫ್ಟ್‌ವೇರ್ ತೆಗೆಯುವುದು ಇದೆಲ್ಲ ಆದ ಮೇಲೆ. ತೆಗೆದ ಮೇಲೂ ವಿಂಡೋಸ್ ಸೆಕ್ಯುರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಅಂತ ಇದೆ, ಅದನ್ನು ಓಡಿಸಿ. ಅವರು ಬೇರೆ ಏನಾದರೂ ಬಿಟ್ಟು ಹೋಗಿರಬಹುದು.

ಸಿರುಗುಪ್ಪದ ದೊಡ್ಡಪ್ಪ
ಭಾನುವಾರ ಬೆಳಿಗ್ಗೆ 8:40

ಬ್ಯಾಂಕಿನವರು ಖಾತೆ ತಡೆಹಿಡಿದರು. ದುಡ್ಡು ಹೋಗಿಲ್ಲ. ಅವತ್ತು ಕರೆಂಟ್ ಹೋಗಿ ವೈಫೈ ನಿಂತಿತ್ತು, ಅವರ ಕೆಲಸ ಅಲ್ಲಿಗೇ ತುಂಡಾಗಿತ್ತು. ಮಗ ಸಂಜೆ ಬಂದು ಉಳಿದದ್ದು ಮಾಡುತ್ತಾನೆ. ನಿನ್ನ ಋಣ ದೊಡ್ಡದಪ್ಪಾ.

ಕೊಪ್ಪಳದ ಟೀಚರ್
ಭಾನುವಾರ ಮಧ್ಯಾಹ್ನ 1:30

ದೊಡ್ಡಪ್ಪನವರ ಸುದ್ದಿ ಓದಿ ನೆಮ್ಮದಿ ಆಯಿತು. ನಮ್ಮ ಮನೆಯ ಎನಿಡೆಸ್ಕ್ ಹಿಂದೆ ಪ್ರಿಂಟರ್ ಸರಿ ಮಾಡಿದವರು ಹಾಕಿದ್ದಂತೆ, ಯಜಮಾನರು ಹೇಳಿದರು. ತೆಗೆದೆ.

ಬೆಳಿಗ್ಗೆಯಿಂದ ಒಂದೊಂದಾಗಿ ತೆಗೆಯುತ್ತಿದ್ದೇನೆ. ಟೂಲ್‌ಬಾರ್ ತೆಗೆಯುವಾಗ ದೊಡ್ಡ ಹಸಿರು ಬಟನ್ ಬಂತು, ಒತ್ತಬೇಕು ಅನ್ನುವಷ್ಟರಲ್ಲಿ ಮಗಳು ತಡೆದಳು. ಅದು "ಇಟ್ಟುಕೊಳ್ಳಿ" ಅನ್ನುವ ಬಟನ್! ತೆಗೆಯುವುದು ಕೆಳಗೆ ಬೂದು ಬಣ್ಣದಲ್ಲಿ ಸಣ್ಣದಾಗಿತ್ತು.

ಈಗ ತೊಂದರೆ ಒಂದಾಗಿದೆ. ಪಿಡಿಎಫ್‌ನದು ಅರ್ಧ ಹೋಗಿರುವಾಗ ಕರೆಂಟ್ ಹೋಯಿತು. ನಮ್ಮ ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಯಿತು. ಈಗ ಪಟ್ಟಿಯಲ್ಲಿ ಹೆಸರಿದೆ, ಅನ್‌ಇನ್‌ಸ್ಟಾಲ್ ಒತ್ತಿದರೆ ಫೈಲ್ ಸಿಗುತ್ತಿಲ್ಲ ಅನ್ನುತ್ತದೆ.

ರಾಯಚೂರು ರಿಪೇರಿ
ಭಾನುವಾರ ಮಧ್ಯಾಹ್ನ 2:10

ಗಾಬರಿ ಬೇಡ ಅಕ್ಕಾ. ನಮ್ಮ ಕಡೆ ಬೇಸಿಗೆಯಲ್ಲಿ ಇದು ದಿನದ ಮಾತು. ಹಬೆಯ ವಿದ್ಯುತ್ ಮಾಡುವ ಶಕ್ತಿನಗರದ ಪಕ್ಕದಲ್ಲೇ ಇದ್ದು ನಾನೂ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಕೊಂಡೇ ಇಂಥ ಕೆಲಸಕ್ಕೆ ಕೂರುತ್ತೇನೆ.

ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಆಗಲಿಲ್ಲ ಅಂದರೆ ಮೈಕ್ರೋಸಾಫ್ಟ್‌ನದ್ದೇ "ಪ್ರೋಗ್ರಾಂ ಇನ್‌ಸ್ಟಾಲ್ ಅಂಡ್ ಅನ್‌ಇನ್‌ಸ್ಟಾಲ್ ಟ್ರಬಲ್‌ಶೂಟರ್" ಅಂತ ಇದೆ, ಉಚಿತ. ಅವರ ಸೈಟಿನಿಂದಲೇ ಇಳಿಸಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ. ಅದು ಹೀಗೆ ಅರ್ಧಕ್ಕೆ ನಿಂತ ಹೆಸರುಗಳನ್ನು ತೆಗೆಯುವುದಕ್ಕೆಂದೇ ಇರುವುದು.

ಆ್ಯಂಟಿವೈರಸ್ ಎರಡನ್ನೂ ಕರೆಂಟ್ ಗಟ್ಟಿಯಾಗಿ ಇರುವಾಗಲೇ ತೆಗೆಯಿರಿ. ಎರಡೂ ಒಂದೇ ಫೈಲನ್ನು ಒಟ್ಟಿಗೆ ತಪಾಸಣೆ ಮಾಡಲು ಹೋಗಿ 4 ಜಿಬಿಯನ್ನು ನುಂಗುತ್ತಿವೆ, ನಿಧಾನಕ್ಕೆ ದೊಡ್ಡ ಕಾರಣ ಅದೇ. ಒಂದು ತೆಗೆದು ರೀಸ್ಟಾರ್ಟ್, ಇನ್ನೊಂದು ತೆಗೆದು ರೀಸ್ಟಾರ್ಟ್. ಪೂರ್ತಿ ಹೋಗದಿದ್ದರೆ ಹೆಚ್ಚಿನ ಆ್ಯಂಟಿವೈರಸ್ ಕಂಪನಿಗಳು ತೆಗೆಯಲೆಂದೇ ಒಂದು ಟೂಲ್ ಕೊಡುತ್ತವೆ, ಆಯಾ ಕಂಪನಿಯ ಸೈಟಿನಲ್ಲಿ ಸಿಗುತ್ತದೆ. ಎರಡೂ ಹೋದ ಮೇಲೆ ವಿಂಡೋಸ್‌ನ ಸ್ವಂತ ಆ್ಯಂಟಿವೈರಸ್ ಡಿಫೆಂಡರ್ ತಾನೇ ಆನ್ ಆಗುತ್ತದೆ. ಆದರೂ ವಿಂಡೋಸ್ ಸೆಕ್ಯುರಿಟಿ ತೆರೆದು ಕಣ್ಣಾರೆ ನೋಡಿ. ಅಲ್ಲೇ ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗೆ ರೆಪ್ಯುಟೇಷನ್ ಅಂತ ಶುರುವಾಗುವ ಸಾಲು ಇದೆ. ಅದರಲ್ಲಿ ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಇದೆ. ಎಷ್ಟೋ ಕಂಪ್ಯೂಟರಿನಲ್ಲಿ ಆಫ್ ಆಗಿರುತ್ತದೆ, ಆನ್ ಮಾಡಿ.

ಬಳ್ಳಾರಿ ಲೆಕ್ಕ
ಭಾನುವಾರ ಮಧ್ಯಾಹ್ನ 2:45

ಒನ್‌ಡ್ರೈವ್ (ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಬಳಸುತ್ತಿಲ್ಲ ಅಂತ ಅದನ್ನೂ ತೆಗೆಯುವ ಮನಸ್ಸಾದರೆ ಸ್ವಲ್ಪ ತಡೆಯಿರಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್ ನಮಗೆ ತಿಳಿಯದೆಯೇ ಅದರೊಳಗೆ ಹೋಗಿರುತ್ತವೆ. ಫೈಲ್ ಪಕ್ಕದಲ್ಲಿ ಮೋಡದ ಗುರುತಿದ್ದರೆ ಅದು ಕಂಪ್ಯೂಟರಿನಲ್ಲಿ ಇಲ್ಲ, ಇಂಟರ್ನೆಟ್‌ನಲ್ಲಿ ಮಾತ್ರ ಇದೆ. ಮೊದಲು ಇಳಿಸಿಕೊಂಡು ಆಮೇಲೆ ತೆಗೆಯಬೇಕು.

ಕೊಪ್ಪಳದ ಟೀಚರ್
ಮಂಗಳವಾರ ರಾತ್ರಿ 9:00

ಎಲ್ಲ ಮುಗಿಯಿತು. ಟ್ರಬಲ್‌ಶೂಟರ್‌ನಿಂದ ಪಿಡಿಎಫ್‌ನದು ಹೋಯಿತು. ಅದೇ ದಿನಾಂಕದಲ್ಲಿ ಇನ್ನೂ ಮೂರು ಬಂದಿದ್ದವು, ಅವೂ ಹೋದವು. 71 ಇದ್ದದ್ದು ಈಗ 52. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್‌ನಲ್ಲಿ ಕಂಪ್ಯೂಟರ್ ಜೊತೆಗೇ ಶುರುವಾಗುತ್ತಿದ್ದ ಏಳು ಸಾಫ್ಟ್‌ವೇರ್‌ಗಳನ್ನು ಬಂದ್ ಮಾಡಿದೆವು. ಕಂಪ್ಯೂಟರ್ ಒಂದೂವರೆ ನಿಮಿಷದಲ್ಲಿ ಏಳುತ್ತದೆ. ಯಜಮಾನರು ಟ್ಯಾಲಿ ತೆರೆದು ನೋಡಿದರು, ಎಲ್ಲ ಸರಿ ಇದೆ. ಟೋಕನ್ ಕೂಡ ಕೆಲಸ ಮಾಡಿತು.

ಮಾವನವರ ಫೈಲ್ ತೆರೆದಾಗ ಮನೆಯವರೆಲ್ಲ ಸುತ್ತ ನಿಂತಿದ್ದೆವು. ಅಕ್ಷರ ಇದ್ದ ಹಾಗೇ ಇವೆ. ಈಗ ಮಗಳು ಕೇಳುತ್ತಿದ್ದಾಳೆ, ಇವನ್ನು ಯೂನಿಕೋಡ್ ಮಾಡಬಹುದಾ? ಮಾಡಿದರೆ ಮೊಬೈಲಿನಲ್ಲೂ ಓದಬಹುದಲ್ವಾ?

ರಾಯಚೂರು ರಿಪೇರಿ
ಮಂಗಳವಾರ ರಾತ್ರಿ 9:25

ಮಾಡಬಹುದು, ಮಾಡಲೇಬೇಕು. ಹಳೆಯ ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಮೂಲ ಫೈಲ್ ಅಳಿಸಬೇಡಿ, ಪರಿವರ್ತಿಸಿದ್ದನ್ನು ಬೇರೆ ಫೋಲ್ಡರಿನಲ್ಲಿ ಇಡಿ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಕೆಲವೊಮ್ಮೆ ತಪ್ಪು ಬೀಳುತ್ತವೆ. ಮಗಳು ಪಿಡಿಎಫ್ ಮಾಡಿದ್ದಾಳಲ್ಲ, ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಲಿ.

ಮತ್ತೆ ಒಂದು ಮಾತು ಅಕ್ಕಾ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕಿನ ಕೆಲಸವನ್ನು ಇದರಲ್ಲಿ ಮಾಡಬೇಡಿ. ಮುಂದೆ ಹೊಸ ಕಂಪ್ಯೂಟರ್ ತಂದಾಗ ಮೊದಲು ಆ ಫಾಂಟ್‌ಗಳನ್ನು ಹಾಕಿ, ಆಮೇಲೆ ಫೈಲ್ ತೆರೆಯಿರಿ.

ಕೊಪ್ಪಳದ ಟೀಚರ್
ಮಂಗಳವಾರ ರಾತ್ರಿ 9:50

ಆಗಲಿ ಅಣ್ಣಾ. ತಾಳೆ ನೋಡುವುದು ಮಗಳ ಕೈಯಲ್ಲಿ ಇಲ್ಲ, ಮಾವನವರು ತಾವೇ ಮಾಡುತ್ತಾರಂತೆ. ಮೊಮ್ಮಗಳು ಓದಬೇಕು, ತಾವು ಬಾಯಿಪಾಠದಿಂದ ತಿದ್ದಬೇಕು, ದಿನಕ್ಕೆ ಐದು ಪದ. ಇವತ್ತೇ ಶುರು ಮಾಡಿದ್ದಾರೆ. ಎರಡನೇ ಪೆನ್‌ಡ್ರೈವ್ ಅಮಾವಾಸ್ಯೆಯ ಭಜನೆಗೆ ಹೋದಾಗ ಊರಿನ ಮಠದಲ್ಲಿ ಕೊಟ್ಟು ಬರುತ್ತಾರಂತೆ.